ಜೋಡಿ ನಮೂದಿನ ಲೆಕ್ಕಪದ್ಧತಿ: ಅದರ ಹುಟ್ಟು ಮತ್ತು ಮಿತಿ

1494ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಇಟಲಿಯ ವೆನಿಸ್ ಪಟ್ಟಣದಲ್ಲಿ ಗಣಿತಶಾಸ್ತ್ರದ ದೊಡ್ಡ ಗ್ರಂಥವೊಂದು ಅಚ್ಚಾಗಿ ಹೊರಬಿದ್ದಿತು. ಅದರ ಕರ್ತೃ ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿಯಾದ ಲೂಕಾ ಪಾಚೋಲಿ. ‘ಸುಮ್ಮಾ’ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ಈ ಗ್ರಂಥದಲ್ಲಿ ವರ್ತಕರ ಲೆಕ್ಕಪತ್ರಗಳನ್ನು ಕುರಿತು 36 ಅಧ್ಯಾಯಗಳ ಒಂದು ಪ್ರಕರಣವುಂಟು. ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿ ಅಚ್ಚಾದ ಮೊದಲ ಬರೆವಣಿಗೆ ಇದೇ ಆದುದರಿಂದ ಪಾಚೋಲಿಯನ್ನು ಆ ಪದ್ಧತಿಯ ಜನಕನೆಂದು ಕರೆಯುವ ರೂಢಿ ಬೆಳೆದಿದೆ. ಆದರೆ ಈ ಬಿರುದು ಚರಿತ್ರೆಗೆ ಒಪ್ಪುವಂತಹುದಲ್ಲ. ತಾನು ಅನುಸರಿಸುತ್ತಿರುವುದು ವೆನಿಸಿನ ಕ್ರಮವೆಂದು ಪಾಚೋಲಿಯೇ ಹೇಳಿದ್ದಾನೆ. ಈ ಪದ್ಧತಿಯು ಹೇಗೆ ರೂಪುಗೊಂಡಿತು, ಅದರ ತಾಳೆಯಿಂದ ಯಾವುದು ಸಿದ್ಧವಾಗುತ್ತದೆ, ಯಾವುದು ಸಿದ್ಧವಾಗುವುದಿಲ್ಲ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಪಾಚೋಲಿಗಿಂತ ಸುಮಾರು ಇನ್ನೂರು ವರ್ಷ ಹಿಂದಿನ ಪುಸ್ತಕವೊಂದರ ಭಾಗವು ಉಳಿದುಬಂದಿದೆ. ಅದು ಫ್ಲಾರೆನ್ಸಿನ ಜಿಯೊವಾನ್ನಿ ಫರೋಲ್ಫಿ ಎಂಬ ವರ್ತಕಸಂಘವು ಪ್ರೊವಾನ್ಸ್ ಪ್ರಾಂತದ ಸಲೋನ್ ಊರಿನಲ್ಲಿಟ್ಟಿದ್ದ ಶಾಖೆಯ 1299–1300ನೆಯ ಇಸವಿಗಳ ಖಾತೆ ಪುಸ್ತಕ. ಬರೆದವನು ಅಮಾಟಿನೊ ಮನುಚ್ಚಿ. ಇದರಲ್ಲಿ ಪ್ರತಿಯೊಂದು ವ್ಯವಹಾರವೂ ಎರಡು ಕಡೆ ದಾಖಲಾಗುತ್ತದೆ: ಒಂದು ಖಾತೆಯಲ್ಲಿ ‘ಕೊಡತಕ್ಕದ್ದು’ ಎಂದೂ ಇನ್ನೊಂದರಲ್ಲಿ ‘ಪಡೆಯತಕ್ಕದ್ದು’ ಎಂದೂ. ಇದಕ್ಕಿಂತಲೂ ಗಮನಾರ್ಹವಾದುದು ಮನೆಬಾಡಿಗೆಯ ಲೆಕ್ಕ. ಹಲವು ವರ್ಷಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟಿದ್ದರೂ, ಆ ವರ್ಷಕ್ಕೆ ಸಲ್ಲುವಷ್ಟನ್ನು ಮಾತ್ರ ಖರ್ಚಿಗೆ ಹಾಕಿ ಉಳಿದುದನ್ನು ಮುಂದಕ್ಕೆ ಎಳೆದಿದ್ದಾರೆ. ಹಣವು ಕೈಬಿಟ್ಟ ದಿನವೇ ಖರ್ಚು ಆದ ದಿನವಲ್ಲ, ಆಯಾ ಕಾಲದ ಖರ್ಚು ಆಯಾ ಕಾಲಕ್ಕೇ ಸಲ್ಲಬೇಕು ಎಂಬ ತತ್ತ್ವವನ್ನು ಆ ಗುಮಾಸ್ತನು ಯಾವ ಶಾಸ್ತ್ರಗ್ರಂಥದ ಸಹಾಯವೂ ಇಲ್ಲದೆ ಆಚರಿಸಿದನು.

ಎರಡನೆಯ ಸಾಕ್ಷ್ಯವು ಜಿನೋವಾ ನಗರದ ಬೊಕ್ಕಸದ 1340ನೆಯ ಇಸವಿಯ ಪುಸ್ತಕ. ಅದರಲ್ಲಿ ಮೆಣಸಿನ ಹೆಸರಿನಲ್ಲಿಯೇ ಒಂದು ಖಾತೆಯಿದೆ. ಭಾರತದ ಪಶ್ಚಿಮ ಕರಾವಳಿಯಿಂದ ಕೈಯಿಂದ ಕೈಗೆ ದಾಟಿ ಯೂರೋಪನ್ನು ಮುಟ್ಟುತ್ತಿದ್ದ ಈ ಸರಕಿನ ಕ್ರಯವನ್ನು ಒಂದು ಬದಿಗೂ ಮಾರಾಟದ ಹುಟ್ಟುವಳಿಯನ್ನು ಇನ್ನೊಂದು ಬದಿಗೂ ಬರೆದು, ಬಂದ ನಷ್ಟವನ್ನು ಬೇರೊಂದು ಖಾತೆಗೆ ವರ್ಗಾಯಿಸಿದ್ದಾರೆ. ಸಾಲಗಾರರಿಗೆ ಮಾತ್ರವಲ್ಲದೆ ಸರಕಿಗೂ ನಷ್ಟಕ್ಕೂ ಖಾತೆ ತೆರೆದುದರಿಂದ ಇಡೀ ವ್ಯಾಪಾರವನ್ನೇ ಒಂದು ಪುಸ್ತಕದಲ್ಲಿ ಹಿಡಿದಿಡುವುದು ಸಾಧ್ಯವಾಯಿತು.

ಹೀಗೆ ಬಳಕೆಯಲ್ಲಿ ಬೆಳೆದುದನ್ನು ಪಾಚೋಲಿಯು ಕ್ರಮಪಡಿಸಿದನು. ವರ್ತಕನು ಮೊದಲು ತನ್ನ ಸ್ವತ್ತು ಸಾಲಗಳೆಲ್ಲದರ ಯಾದಿಯನ್ನು ಮಾಡಬೇಕು. ಬಳಿಕ ಮೂರು ಪುಸ್ತಕಗಳನ್ನಿಡಬೇಕು. ಅವುಗಳನ್ನು ಕನ್ನಡನಾಡಿನ ಅಂಗಡಿಯ ಮಾತಿನಲ್ಲಿ ಕಚ್ಚಾ ಪುಸ್ತಕ, ಕೀರ್ದಿ, ಖಾತೆ ಪುಸ್ತಕ ಎನ್ನಬಹುದು. ಕಚ್ಚಾ ಪುಸ್ತಕದಲ್ಲಿ ನಾನಾ ದೇಶದ ನಾಣ್ಯಗಳು ಬಂದಂತೆಯೇ ದಾಖಲಾಗಬಹುದು. ಆದರೆ ಖಾತೆಯಲ್ಲಿ ಕೂಡಿಸತಕ್ಕ ಮೊತ್ತಗಳೆಲ್ಲವೂ ಒಂದೇ ನಾಣ್ಯದಲ್ಲಿರಬೇಕು. ಮೂಲಧನಕ್ಕೆ ಪ್ರತ್ಯೇಕ ಖಾತೆಯಿದ್ದು ಅದು ಜಮೆಯ ಬದಿಯಲ್ಲಿ ನಿಲ್ಲುತ್ತದೆ. ಎಂದರೆ, ಅಂಗಡಿಯು ತನ್ನ ಯಜಮಾನನಿಗೂ ಸಾಲಗಾರನೇ. ಅವನ ಮನೆ ಬೇರೆ, ಅಂಗಡಿ ಬೇರೆ. ಲಾಭನಷ್ಟದ ಖಾತೆಯ ಶಿಲ್ಕು ಕೊನೆಗೆ ಈ ಮೂಲಧನದ ಖಾತೆಗೇ ಸೇರುತ್ತದೆ. ಪುಸ್ತಕವನ್ನು ಮುಗಿಸುವಾಗ ಜಮೆಯ ಒಟ್ಟು ಮೊತ್ತವೂ ಖರ್ಚಿನ ಒಟ್ಟು ಮೊತ್ತವೂ ಸಮನಾಗತಕ್ಕದ್ದು. ಆಗದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಅರ್ಥ.

ಈ ಸಮತ್ವವೇ ಪದ್ಧತಿಯ ಹಿರಿಮೆ. ಆದರೆ ತಾಳೆಯಾಗದಿದ್ದರೆ ತಪ್ಪುಂಟೆಂಬ ಮಾತಿನಿಂದ, ತಾಳೆಯಾದರೆ ತಪ್ಪಿಲ್ಲವೆಂದು ಹೇಳಲು ಬರುವುದಿಲ್ಲ. ದಾಖಲೆಯೇ ಆಗದ ವ್ಯವಹಾರವಾಗಲಿ, ಎರಡು ಬದಿಗೂ ಸಮನಾಗಿ ಹೆಚ್ಚಿಸಿ ಬರೆದ ಬೆಲೆಯಾಗಲಿ ತಾಳೆಯನ್ನು ಕೆಡಿಸುವುದಿಲ್ಲ. ಕೊಳ್ಳುವವರಿಗೊಂದು ಮಾರುವವರಿಗೊಂದು ಎಂದು ಎರಡು ಬಗೆಯ ಪುಸ್ತಕಗಳನ್ನಿಟ್ಟು ಪ್ರಮಾಣಮಾಡುವವರೂ ಇದ್ದಾರೆಂದು ಪಾಚೋಲಿಯೇ ಎಚ್ಚರಿಸಿ, ಪುಸ್ತಕಗಳನ್ನು ವರ್ತಕರ ಅಧಿಕಾರಸ್ಥಾನದಲ್ಲಿ ತೋರಿಸಿ ಅಲ್ಲಿಯ ಬರಹವನ್ನು ಪಡೆದುಕೊಳ್ಳಬೇಕೆಂದು ವಿಧಿಸಿದನು.

ಅವನ ಗ್ರಂಥವು ಅಚ್ಚಾದ ತಿಂಗಳಿನಲ್ಲಿಯೇ ನಡೆದ ಇನ್ನೊಂದು ಘಟನೆಯು ಈ ಮಿತಿಯನ್ನು ನೆನಪಿಗೆ ತರುತ್ತದೆ. 1494ನೆಯ ನವೆಂಬರಿನಲ್ಲಿ ಫ್ಲಾರೆನ್ಸಿನ ಜನರು ಮೆಡಿಚಿ ಮನೆತನದವರನ್ನು ನಗರದಿಂದ ಹೊರಗಟ್ಟಿದರು. 1397ರಲ್ಲಿ ಸ್ಥಾಪಿತವಾದ ಅವರ ಬ್ಯಾಂಕು ಅಲ್ಲಿಗೆ ಮುಗಿಯಿತು. ಹೊರಗಟ್ಟಿದುದಕ್ಕೆ ಕಾರಣ ರಾಜಕೀಯವಾದುದು. ಬ್ಯಾಂಕು ಮಾತ್ರ ಅದಕ್ಕೆ ಮೊದಲೇ ಒಳಗೊಳಗೆ ಜೀರ್ಣವಾಗಿತ್ತು. ಶಾಖೆಗಳು ಲೆಕ್ಕದ ಪಟ್ಟಿಗಳನ್ನು ಫ್ಲಾರೆನ್ಸಿಗೆ ಕಳುಹಿಸುತ್ತಿದ್ದವು. ಆದರೂ ಬ್ರೂಜಿನ ಶಾಖೆಯ ತೊಮ್ಮಾಸೊ ಪೋರ್ಟಿನಾರಿಯು ಬರ್ಗಂಡಿಯ ಪ್ರಭು ಚಾರ್ಲ್ಸನಿಗೆ ಮಿತಿಮೀರಿ ಸಾಲಕೊಟ್ಟನು. 1477ರಲ್ಲಿ ಆ ಪ್ರಭುವು ನಾನ್ಸಿಯ ಯುದ್ಧದಲ್ಲಿ ಮಡಿದನು. ಲಿಯಾನ್ ಶಾಖೆಯ ಲಿಯೊನೆಟ್ಟೊ ಡಿ ರೊಸ್ಸಿಯು ವಸೂಲಾಗದ ಬಾಕಿಗಳಿಗೆ ತಕ್ಕ ವಜಾ ಹಾಕದೆ ಲಾಭವನ್ನು ಹಿಗ್ಗಿಸಿ ತೋರಿಸಿದನು. 1485ರಲ್ಲಿ ಅವನನ್ನು ಸೆರೆಹಿಡಿಯಬೇಕಾಯಿತು. ಬಾರದ ಸಾಲವನ್ನೂ ಸ್ವತ್ತೆಂದೇ ಬರೆದರೆ ಲೆಕ್ಕವು ಸರಿಯಾಗಿಯೇ ಕೂಡುತ್ತದೆ. ಕೂಡಿಕೆಯಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಬೆಲೆಕಟ್ಟುವುದರಲ್ಲಿ.

ಈ ಕೊರತೆಯನ್ನು ತುಂಬಲು ಮುಂದಿನ ಶತಮಾನಗಳು ತಾಳೆಯ ಜೊತೆಗೆ ಬೇರೆ ನಿಯಮಗಳನ್ನು ಕೂಡಿಸಿದವು. ಫ್ರಾನ್ಸಿನ 1673ನೆಯ ರಾಜಶಾಸನವು ವರ್ತಕರು ಪುಸ್ತಕಗಳನ್ನಿಡಬೇಕೆಂದೂ ಎರಡು ವರ್ಷಕ್ಕೊಮ್ಮೆ ಸ್ವತ್ತಿನ ಯಾದಿಯನ್ನು ಮಾಡಬೇಕೆಂದೂ ವಿಧಿಸಿತು. ಆ ಶಾಸನದ ರಚನೆಯಲ್ಲಿ ಪಾಲ್ಗೊಂಡಿದ್ದ ಜಾಕ್ ಸಾವರಿಯು 1675ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೆಟ್ಟ ಅಥವಾ ಬೆಲೆಯಿಳಿದ ಸರಕನ್ನು ಕೊಂಡ ಬೆಲೆಗೆ ಹಿಡಿಯಬಾರದೆಂದು ಬೋಧಿಸಿದನು. ಬರುವ ಲಾಭವನ್ನು ಬಂದ ಮೇಲೆಯೇ ಎಣಿಸಬೇಕು, ಕಂಡ ನಷ್ಟವನ್ನು ಕೂಡಲೇ ಬರೆಯಬೇಕು ಎಂಬ ಎಚ್ಚರಿಕೆಯ ನಿಯಮಕ್ಕೂ, ಪುಸ್ತಕ ಬರೆದವನಲ್ಲದ ಮತ್ತೊಬ್ಬನು ಅದನ್ನು ಪರೀಕ್ಷಿಸಬೇಕೆಂಬ ನಿಯಮಕ್ಕೂ ಮೂಲವು ಇಂತಹ ಅನುಭವಗಳಲ್ಲಿದೆ. ಆದುದರಿಂದ ಲೆಕ್ಕಶಾಸ್ತ್ರದ ತತ್ತ್ವಗಳನ್ನು ಒಬ್ಬನ ಬುದ್ಧಿಯಿಂದ ಒಮ್ಮೆಗೇ ಹುಟ್ಟಿದುವೆಂದು ಎಣಿಸಲಾಗದು. ಸಲೋನಿನ ಗುಮಾಸ್ತನ ಬಾಡಿಗೆಯ ಲೆಕ್ಕದಿಂದಲೂ ಲಿಯಾನಿನ ಸುಳ್ಳು ಲಾಭದಿಂದಲೂ ಅವು ಸಮಾನವಾಗಿ ಬೆಳೆದುಬಂದಿವೆ.