ಊರನ್ನು ಕಾಣುವ ಶಾಸ್ತ್ರ

ಸಮಾಜದಲ್ಲಿ ಬದುಕುವುದು ಬೇರೆ, ಸಮಾಜವನ್ನು ಅರಿಯುವುದು ಬೇರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಯಾವ ಹಳ್ಳಿಯಲ್ಲಿ ಹುಟ್ಟಿದವರಿಗೂ ಯಾರ ಮನೆಯ ಜಗಲಿಯ ಮೇಲೆ ಕೂರಬಹುದು, ಯಾರ ಮುಂದೆ ನಿಂತೇ ಮಾತನಾಡಬೇಕು ಎಂಬುದನ್ನು ಯಾರೂ ಪಾಠ ಹೇಳಿ ಕಲಿಸುವುದಿಲ್ಲ. ಅದು ತಾನಾಗಿ ಮೈಗೂಡುತ್ತದೆ. ಹೀಗೆ ಮೈಗೂಡಿದ್ದನ್ನು ಎದುರಿಗಿಟ್ಟುಕೊಂಡು ‘ಇದು ಹೀಗೇಕೆ?’ ಎಂದು ಕೇಳುವುದೇ ಸಮಾಜಶಾಸ್ತ್ರದ ಕೆಲಸ.

ಈ ಶಾಸ್ತ್ರಕ್ಕೆ ಹೆಸರು ಕೊಟ್ಟವರು ಫ್ರಾನ್ಸಿನ ಆಗಸ್ಟ್ ಕಾಂಟ್ (1798–1857). ನಿಸರ್ಗಕ್ಕೆ ನಿಯಮಗಳಿರುವಂತೆ ಸಮಾಜಕ್ಕೂ ಇವೆ, ಅವಲೋಕನದಿಂದ ಅವನ್ನು ಅರಿಯಬಹುದು ಎಂಬುದು ಅವರ ನಂಬಿಕೆಯಾಗಿತ್ತು. ಅದೇ ದೇಶದ ಎಮಿಲ್ ಡರ್ಖೈಮ್ (1858–1917) ಇದನ್ನು ವಿಶ್ವವಿದ್ಯಾನಿಲಯದ ಅಧ್ಯಯನ ವಿಷಯವಾಗಿ ನೆಲೆಗೊಳಿಸಿದರು. ಭಾರತದಲ್ಲಿ 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸಮಾಜಶಾಸ್ತ್ರ ವಿಭಾಗವನ್ನು ತೆರೆಯಿತು.

ಆದರೆ ಶಾಸ್ತ್ರಕ್ಕೆ ಹೆಸರು ಹುಟ್ಟುವ ಮೊದಲೇ ನಮ್ಮ ನಾಡಿನ ಜನಜೀವನದ ಬಗೆಗೆ ಬರೆದವರಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರು ಅಬ್ಬೆ ದುಬಾಯ್ಸ್ ಅವರನ್ನು ಜನರು ‘ದೊಡ್ಡಸ್ವಾಮಿಯವರು’ ಎಂದು ಕರೆಯುತ್ತಿದ್ದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥವು 1816ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಬಹುಕಾಲ ಪ್ರಮಾಣವೆನಿಸಿತ್ತು. 1987ರಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ ಅವರು, ಆ ಗ್ರಂಥದ ಬಹುಭಾಗಕ್ಕೆ ಅದಕ್ಕೂ ಹಿಂದಿನ ಯೇಸುಸಭೆಯ ಗುರು ಕೊರ್ದೂ ಅವರ ಹಸ್ತಪ್ರತಿಯೇ ಆಧಾರವೆಂದು ತೋರಿಸಿಕೊಟ್ಟರು. ಕಣ್ಣಾರೆ ಕಂಡ ಊರಿಗೂ ಓದಿ ತಿಳಿದ ಊರಿಗೂ ಇರುವ ಅಂತರವನ್ನು ಈ ಪ್ರಸಂಗವು ನಮ್ಮ ಮುಂದಿಡುತ್ತದೆ.

ಈ ಅಂತರವನ್ನೇ ತಮ್ಮ ಚಿಂತನೆಯ ಕೇಂದ್ರವಾಗಿಸಿಕೊಂಡವರು ಭಾರತೀಯ ಸಮಾಜಶಾಸ್ತ್ರದ ನಿರ್ಮಾಪಕರಲ್ಲಿ ಒಬ್ಬರಾದ ಎಂ.ಎನ್. ಶ್ರೀನಿವಾಸ್. ಮೈಸೂರಿನಲ್ಲಿ 1916ರ ನವೆಂಬರ್ 16ರಂದು ಜನಿಸಿದ ಅವರು ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಬಳಿಕ ಆಕ್ಸ್‌ಫರ್ಡಿನಲ್ಲಿ, ಡರ್ಖೈಮರ ವಿಚಾರಗಳನ್ನು ಮುಂದುವರಿಸಿದ ರ‍್ಯಾಡ್‌ಕ್ಲಿಫ್ ಬ್ರೌನ್ ಅವರ ಬಳಿ ಅಧ್ಯಯನ ನಡೆಸಿದರು. ಧರ್ಮಗ್ರಂಥಗಳಲ್ಲಿ ಬರೆದಿರುವ ನಾಲ್ಕು ವರ್ಣಗಳನ್ನು ನಂಬಿ ಊರನ್ನು ಅರಿಯಲಾಗದು. ಊರಿಗೇ ಹೋಗಿ ನೆಲೆಸಿ, ಅಲ್ಲಿಯ ಜಾತಿಗಳು ಪರಸ್ಪರ ಹೇಗೆ ನಡೆದುಕೊಳ್ಳುತ್ತವೆಂಬುದನ್ನು ನೋಡಬೇಕು ಎಂಬುದು ಅವರ ನಿಲುವು. ಅದರಂತೆ 1948ರಲ್ಲಿ ಅವರು ಮೈಸೂರು ಜಿಲ್ಲೆಯ ಕೊಡಗಹಳ್ಳಿಗೆ ಹೋಗಿ ನೆಲೆಸಿದರು. ಬರಹದಲ್ಲಿ ಅದನ್ನು ‘ರಾಂಪುರ’ವೆಂದು ಕರೆದರು.

ಕೆಳಗಿನ ಜಾತಿಗಳು ಮೇಲಿನವರ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದನ್ನು ಅವರು ಕೊಡಗರನ್ನು ಕುರಿತ 1952ರ ಗ್ರಂಥದಲ್ಲಿ ‘ಸಂಸ್ಕೃತಾನುಕರಣ’ವೆಂದು ವಿವರಿಸಿದ್ದರು. ರಾಂಪುರದ ಅನುಭವದಿಂದ ಒಡಮೂಡಿದ್ದು ‘ಪ್ರಬಲ ಜಾತಿ’ಯ ಕಲ್ಪನೆ. ಶಾಸ್ತ್ರದಲ್ಲಿ ಬ್ರಾಹ್ಮಣರು ಎಲ್ಲರಿಗಿಂತ ಮೇಲಿದ್ದರೂ ಊರಿನಲ್ಲಿ ನಡೆಯುವುದು ಜನಬಲ, ಭೂಮಿ, ಅಧಿಕಾರಗಳುಳ್ಳವರ ಮಾತು. ರಾಂಪುರದಲ್ಲಿ ಅವರು ಒಕ್ಕಲಿಗರಾಗಿದ್ದರು. ನಮ್ಮ ನಾಲ್ಕು ತಾಲ್ಲೂಕುಗಳ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೊಠಡಿಗೆ ಕಿಡಿಗೇಡಿಗಳಿಟ್ಟ ಬೆಂಕಿ ತಗುಲಿ, ರಾಂಪುರದ ಪರಿಷ್ಕೃತ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಅವರು ಎದೆಗುಂದಲಿಲ್ಲ, ನೆನಪನ್ನೇ ಆಧರಿಸಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂದಿತು. ಬರೋಡಾ ಮತ್ತು ದೆಹಲಿಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದ ಅವರು 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು.

ಆ ಗ್ರಂಥವೂ ಟೀಕೆಗೆ ಹೊರತಾಗಲಿಲ್ಲ. ಊರಗೌಡರ ಆಶ್ರಯದಲ್ಲಿದ್ದ ಬ್ರಾಹ್ಮಣ ವಿದ್ವಾಂಸರಿಗೆ ಊರು ಮೇಲಿನಿಂದ ಕಂಡಿತೇ ಹೊರತು ಹೊಲಗೇರಿಯಿಂದ ಕಾಣಲಿಲ್ಲ ಎಂಬ ಮಾತು ಬಂದಿತು. ಆದ್ದರಿಂದ ಊರಿಗೆ ಹೋದರಷ್ಟೇ ಸಾಲದು. ಊರಿನ ಯಾವ ಬೀದಿಯಲ್ಲಿ ನಿಂತು ನೋಡುತ್ತೇವೆ ಎಂಬುದೂ ಮುಖ್ಯ.

ರಾಂಪುರದ ಕಾಲದ ಊರುಗಳು ಇಂದಿಲ್ಲ. 1974ರ ಭೂಸುಧಾರಣೆಯು ಗೇಣಿಪದ್ಧತಿಯನ್ನು ರದ್ದುಪಡಿಸಿತು. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟು ಕೆಲವು ಊರುಗಳನ್ನು ಮುಳುಗಿಸಿತು, ಎಷ್ಟೋ ಊರುಗಳ ಹೊಲಗಳಿಗೆ ನೀರುಣಿಸಿತು. 1993ರ ಸಂವಿಧಾನ ತಿದ್ದುಪಡಿಯಿಂದ ಪಂಚಾಯಿತಿಗಳಲ್ಲಿ ಮಹಿಳೆಯರಿಗೂ ದಲಿತರಿಗೂ ಸ್ಥಾನಗಳು ಮೀಸಲಾದವು. ಸ್ಥಾನ ದೊರೆತವರಿಗೆ ಮಾತೂ ದೊರೆಯಿತೇ? ನೀರು ಯಾರ ಗದ್ದೆಯವರೆಗೆ ಹರಿಯಿತು? ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವ ನಮ್ಮಲ್ಲಿಯೂ ಮದುವೆಯ ಮಾತು ಬಂದಾಗ ಜಾತಿ ಎದ್ದು ಕೂರುವುದಿಲ್ಲವೇ? ಇವಕ್ಕೆ ಉತ್ತರವನ್ನು ಗ್ರಂಥಾಲಯದಲ್ಲಿ ಹುಡುಕಿ ಪ್ರಯೋಜನವಿಲ್ಲ. ಊರಿನ ಕೊನೆಯ ಬೀದಿಯವರೆಗೆ ನಡೆದುಹೋಗಿ, ಅಲ್ಲಿರುವವರ ಮಾತನ್ನು ಕುಳಿತು ಕೇಳಬೇಕಾಗುತ್ತದೆ.