ಸತ್ತವನ ಕೈ

ಪೋಕರ್ ಎಂಬ ಇಸ್ಪೀಟಿನಾಟದಲ್ಲಿ ಒಬ್ಬನ ಪಾಲಿನ ಐದೆಲೆಗಳಿಗೆ ‘ಕೈ’ ಎನ್ನುವರು. ಅವುಗಳಲ್ಲಿ ಎರಡು ಕರಿಯ ಎಕ್ಕಗಳೂ ಎರಡು ಕರಿಯ ಎಂಟುಗಳೂ ಇದ್ದರೆ ಅದು ‘ಸತ್ತವನ ಕೈ’.

ಅಮೆರಿಕೆಯ ಡೆಡ್‌ವುಡ್ಡಿನಲ್ಲಿ 1876ರ ಆಗಸ್ಟ್ 2ರಂದು ಆಟಕ್ಕೆ ಕುಳಿತಿದ್ದ ವೈಲ್ಡ್ ಬಿಲ್ ಹಿಕಾಕನನ್ನು ಜ್ಯಾಕ್ ಮೆಕಾಲನು ಹಿಂದಿನಿಂದ ಗುಂಡಿಕ್ಕಿ ಕೊಂದನು. ಆಗ ಹಿಕಾಕನು ಹಿಡಿದಿದ್ದುದು ಇವೇ ಎಲೆಗಳೆಂದು ಪ್ರತೀತಿ. ಕೊಲೆಯೇನೋ ನಿಜ, 1877ರಲ್ಲಿ ಮೆಕಾಲನನ್ನು ಗಲ್ಲಿಗೇರಿಸಿದ್ದೂ ನಿಜ. ಎಲೆಗಳ ಸಂಗತಿಯಾದರೋ ಪ್ರಚಾರಕ್ಕೆ ಬಂದುದು 1926ರಲ್ಲಿ, ಫ್ರ್ಯಾಂಕ್ ವಿಲ್‌ಸ್ಟ್ಯಾಕ್ ಬರೆದ ಜೀವನಚರಿತ್ರೆಯಿಂದ. ಕೊಲೆಯಾಗಿ ಐವತ್ತು ವರ್ಷವಾದ ಮೇಲೆ!

ಅದಕ್ಕೆ ಮುಂಚೆಯೂ ಆ ಹೆಸರು ಆಟಗಾರರ ಬಾಯಲ್ಲಿತ್ತು; ಆದರೆ ಗುಲಾಮರು ಕೂಡಿದ ಬೇರೆ ಕೈಗಳಿಗೆ. ಹೆಸರಿಗೆ ಒಪ್ಪುವ ಹೆಣ ಆಮೇಲೆ ದೊರೆತಂತೆ ಕಾಣುತ್ತದೆ. ಮಕ್ಕಳಿಗೆ ಚರಿತ್ರೆ ಹೇಳುವ ನಾನೂ ಇದನ್ನು ಬಹುಕಾಲ ನಂಬಿದ್ದೆ. ಹಿಕಾಕನ ಐದನೆಯ ಎಲೆ ಯಾವುದೆಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ.