ಯೊಯೊಗಿ ಈಜು ಕ್ರೀಡಾಂಗಣ: ಚರಿತ್ರೆ ಮತ್ತು ರಚನೆ

ಟೋಕಿಯೋ ನಗರದ ಯೊಯೊಗಿಯಲ್ಲಿರುವ ರಾಷ್ಟ್ರೀಯ ಒಳಾಂಗಣ ಕ್ರೀಡಾಂಗಣದ ಮುಖ್ಯ ಭವನವು 1964ರ ಒಲಿಂಪಿಕ್ ಕ್ರೀಡಾಕೂಟದ ಈಜು ಮತ್ತು ಡೈವಿಂಗ್ ಸ್ಪರ್ಧೆಗಳಿಗಾಗಿ ನಿರ್ಮಾಣಗೊಂಡಿತು. ಇಂದು ಅಲ್ಲಿ ಈಜು ಸ್ಪರ್ಧೆಗಳು ನಡೆಯುವುದಿಲ್ಲ. ಮೂಲ ಉದ್ದೇಶವು ಮರೆಯಾದ ಮೇಲೂ ಕಟ್ಟಡವು ಬಾಳಿ ಬಂದುದಕ್ಕೆ ಕಾರಣವನ್ನು ಅದರ ರಚನೆಯಲ್ಲಿಯೇ ಅರಸಬೇಕಾಗುತ್ತದೆ.

ಈ ನೆಲವು ಮೊದಲಿಗೆ ಜಪಾನಿನ ಸೇನೆಯ ಕವಾಯತು ಮೈದಾನವಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಇಲ್ಲಿ ‘ವಾಷಿಂಗ್ಟನ್ ಹೈಟ್ಸ್’ ಎಂಬ ಅಮೆರಿಕನ್ ಸೇನಾ ವಸತಿ ತಲೆಯೆತ್ತಿತು. ಒಲಿಂಪಿಕ್ ಸಿದ್ಧತೆಯ ಸಂದರ್ಭದಲ್ಲಿ ಈ ಪ್ರದೇಶವು ಜಪಾನಿಗೆ ಮರಳಿ ದೊರೆಯಿತು. ಈಜು ಆ ರಾಷ್ಟ್ರಕ್ಕೆ ಪ್ರತಿಷ್ಠೆಯ ಕ್ರೀಡೆಯೂ ಆಗಿತ್ತು. 1932ರ ಲಾಸ್ ಏಂಜಲೀಸ್ ಕೂಟದಲ್ಲಿ ಪುರುಷರ ಆರು ಈಜು ಸ್ಪರ್ಧೆಗಳ ಪೈಕಿ ಐದರಲ್ಲಿ ಜಪಾನೀಯರು ಚಿನ್ನ ಗೆದ್ದಿದ್ದರು. 1948ರ ಲಂಡನ್ ಕೂಟಕ್ಕೆ ಅವರಿಗೆ ಆಹ್ವಾನವೇ ಇರಲಿಲ್ಲ. ಆದ್ದರಿಂದ ಈ ಕಟ್ಟಡದ ಮೇಲೆ ರಾಷ್ಟ್ರದ ಪುನಃಪ್ರತಿಷ್ಠೆಯ ಹೊಣೆಯೂ ಬಿದ್ದಿತ್ತು.

ವಾಸ್ತುಶಿಲ್ಪಿ ಕೆಂಜೊ ಟಾಂಗೆ ಮತ್ತು ರಚನಾ ಎಂಜಿನಿಯರ್ ಯೊಶಿಕಾತ್ಸು ತ್ಸುಬೊಯಿ ಅವರು ಕೂಡಿ ತೂಗುಸೇತುವೆಯ ತತ್ವವನ್ನು ಭವನಕ್ಕೆ ಅಳವಡಿಸಿದರು. 126 ಮೀಟರ್ ಅಂತರದಲ್ಲಿ ನಿಂತ ಎರಡು ಕಾಂಕ್ರೀಟ್ ಸ್ತಂಭಗಳ ನಡುವೆ ಉಕ್ಕಿನ ಎರಡು ಮುಖ್ಯ ಕೇಬಲುಗಳು ತೂಗುತ್ತವೆ. ಇವುಗಳಿಂದ ಪ್ರೇಕ್ಷಕರ ಆಸನಶ್ರೇಣಿಯ ಹೊರ ಅಂಚಿನವರೆಗೆ ಚಾವಣಿಯು ಇಳಿಜಾರಾಗಿ ಬಾಗುತ್ತದೆ. ಎರಡು ಕೇಬಲುಗಳ ನಡುವಣ ತೆರವಿನಿಂದ ಹಗಲಿನ ಬೆಳಕು ಒಳಗಿಳಿಯುತ್ತದೆ. ಎದುರುಬದುರಾದ ಎರಡು ಅರ್ಧಚಂದ್ರಾಕಾರದ ಶ್ರೇಣಿಗಳು ಪರಸ್ಪರ ಸರಿದು ನಿಂತಿರುವುದರಿಂದ ಅವುಗಳ ತುದಿಗಳಲ್ಲಿ ಪ್ರವೇಶದ್ವಾರಗಳು ಏರ್ಪಟ್ಟಿವೆ.

ಈ ವಿನ್ಯಾಸವು ಕೇವಲ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಕೊಳದ ಸುತ್ತ ಕಂಬಗಳಿದ್ದರೆ ನೋಟಕ್ಕೆ ಅಡ್ಡಿಯಾಗುತ್ತದೆ. ಗುಮ್ಮಟವನ್ನು ಎತ್ತಿದರೆ ಒಳಗಿನ ಗಾಳಿಯ ಪ್ರಮಾಣ ಹೆಚ್ಚಿ, ಅದನ್ನು ಬೆಚ್ಚಗಿಡುವುದು ಕಷ್ಟವಾಗುತ್ತದೆ. ಒಳಬಾಗಿದ ತೂಗುಚಾವಣಿಯು ಈ ಎರಡು ಸಮಸ್ಯೆಗಳಿಗೂ ಏಕಕಾಲಕ್ಕೆ ಉತ್ತರವಾಯಿತು. 1963ರಲ್ಲಿ ಆರಂಭವಾದ ಕಾಮಗಾರಿಯು ಮರುವರ್ಷವೇ ಪೂರ್ಣಗೊಂಡಿತು.

1964ರ ಅಕ್ಟೋಬರಿನಲ್ಲಿ ಇಲ್ಲಿ ಅಮೆರಿಕದ ಡಾನ್ ಶೊಲಾಂಡರ್ ನಾಲ್ಕು ಚಿನ್ನದ ಪದಕಗಳನ್ನು ಗಳಿಸಿದರು. ಆಸ್ಟ್ರೇಲಿಯದ ಡಾನ್ ಫ್ರೇಸರ್ 100 ಮೀಟರ್ ಫ್ರೀಸ್ಟೈಲಿನಲ್ಲಿ ಸತತ ಮೂರನೆಯ ಚಿನ್ನ ಗೆದ್ದರು. ಆತಿಥೇಯ ಜಪಾನಿಗೆ ಈಜಿನಲ್ಲಿ ದೊರೆತದ್ದು ಪುರುಷರ ರಿಲೇಯಲ್ಲಿ ಒಂದು ಕಂಚು ಮಾತ್ರ. ಕೊಳದಲ್ಲಿ ಕೈಗೂಡದ ಪ್ರತಿಷ್ಠೆಯನ್ನು ಕೊಳದ ಮೇಲಿನ ಚಾವಣಿಯು ತಂದುಕೊಟ್ಟಿತು. ಟಾಂಗೆ ಅವರು 1987ರಲ್ಲಿ ಪ್ರಿಟ್ಜ್ಕರ್ ಪ್ರಶಸ್ತಿಗೆ ಭಾಜನರಾದರು.

ಮುಂದೆ ಕೊಳದ ಬಳಕೆ ನಿಂತಿತು. ಕಂಬಗಳಿಲ್ಲದ ಆ ವಿಶಾಲ ಅವಕಾಶವು ಇತರ ಕ್ರೀಡೆಗಳಿಗೂ ಸಂಗೀತ ಕಾರ್ಯಕ್ರಮಗಳಿಗೂ ಒದಗಿಬಂದಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನ ಹ್ಯಾಂಡ್‌ಬಾಲ್ ಪಂದ್ಯಗಳು ಇಲ್ಲಿಯೇ ಜರುಗಿದವು. ಅದೇ ವರ್ಷ ಜಪಾನ್ ಸರ್ಕಾರವು ಇದನ್ನು ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಬೃಹತ್ ಕ್ರೀಡಾಕೂಟಗಳಿಗಾಗಿ ಕಟ್ಟಿದ ಅನೇಕ ಭವನಗಳು ಕೂಟ ಮುಗಿದೊಡನೆ ಹೊರೆಯಾಗುವುದುಂಟು. ಒಂದು ಕ್ರೀಡೆಯ ಅಗತ್ಯವನ್ನು ನಿಷ್ಠೆಯಿಂದ ಪೂರೈಸಿದ ರಚನೆಯೇ ಬೇರೆ ಅಗತ್ಯಗಳಿಗೂ ಎಡೆಗೊಡಬಲ್ಲದು ಎಂಬುದಕ್ಕೆ ಯೊಯೊಗಿ ನಿದರ್ಶನವಾಗಿದೆ.